ಮೂರು ಪಾಲಾದ ಬೊಂಬೆಗಳು

ಬಾ, ಗೋಡೆ ಕಡೆ ಸರ್ಕೊಂಡು ಮಲ್ಕೋ. ಕಾಲು ಒದರಬೇಡ, ಕಂಬಳಿ ಎಲ್ಲ ನೆಲಕ್ಕೆ ಹೋಗುತ್ತೆ. ಹ್ಞಾ, ಹಂಗೆ. ನಡುನಡುವೆ ಬಾಯಿ ಹಾಕಬಾರ್ದು, ಹಾಕಿದ್ರೆ ನಂಗೆ ಕತೆ ಮರ್ತೋಗುತ್ತೆ, ಆಮೇಲೆ ನನ್ನ ಬೈಬಾರ್ದು.

ಒಂದು ಕಾಲ ಇತ್ತಂತೆ ಕಣೇ ಪುಟ್ಟಿ. ಕರೆಂಟು ಅನ್ನೋ ಹೆಸ್ರೇ ಯಾರೂ ಕೇಳಿರ್ಲಿಲ್ವಂತೆ, ಹೊತ್ತು ಮುಳುಗಿದ್ರೆ ಮನೆಗೊಂದು ಹಣತೆ, ಅದೂ ಎಣ್ಣೆ ಇದ್ರೆ. ಆ ಕಾಲದಲ್ಲಿ ಮುದ್ದಯ್ಯ ಅಂತ ಒಬ್ಬ ಬೊಂಬೆಯಾಟದೋನು ಇದ್ನಂತೆ, ಅವನಿಗೆ ಬೊಮ್ಮಕ್ಕ ಅಂತ ಹೆಂಡ್ತಿ, ಮೂರು ಜನ ಗಂಡು ಮಕ್ಳು. ದೊಡ್ಡೋನು ಓಬಯ್ಯ, ನಡುವಿನೋನು ಚಿತ್ತಯ್ಯ, ಕಿರಿಯೋನು ಪಾಲಯ್ಯ. ಐದು ಜನಾನೂ ಸೇರಿ ಊರೂರು ಸುತ್ತಿ ಬೊಂಬೆ ಆಡಿಸ್ತಿದ್ರಂತೆ.

ನೋಡಿದ್ಯಾ, ಆಗ್ಲೇ ಬಾಯಿ ಹಾಕಿದೆ. ಬೊಂಬೆ ಅಂದ್ರೆ ನಿನ್ನ ಪ್ಲಾಸ್ಟಿಕ್ ಬೊಂಬೆ ಅಲ್ಲ ಕಣೇ, ತೊಗಲುಬೊಂಬೆ. ಮೇಕೆ ಚರ್ಮ ತಂದು, ನೆನೆಹಾಕಿ, ಕೂದಲು ಹೆರೆದು, ಹಪ್ಪಳದಂಗೆ ತೆಳ್ಳಗೆ ಮಾಡಿ ಒಣಗಿಸೋದು. ಆಮೇಲೆ ಅದರ ಮೇಲೆ ದೇವ್ರನ್ನೋ ರಕ್ಕಸನ್ನೋ ಬರೆದು, ಕತ್ತರಿಸಿ, ಉಳಿಯಿಂದ ಸಣ್ಣ ಸಣ್ಣ ತೂತು ಹೊಡೆದು, ಕೆಂಪು ಹಸಿರು ಹಚ್ಚೋದು. ರಾತ್ರಿ ಆದ್ರೆ ಬಿಳೀ ಪಂಚೆ ಪರದೆ ಕಟ್ಟಿ, ಹಿಂದೆ ದೊಡ್ಡ ಹರಳೆಣ್ಣೆ ದೀಪ ಇಟ್ಟು, ನಡುವೆ ಬೊಂಬೆ ಹಿಡಿದ್ರೆ ಆಯ್ತು, ಈ ಕಡೆ ಕೂತೋರಿಗೆ ಪರದೆ ಮೇಲೆ ಬಣ್ಣಬಣ್ಣದ ನೆರಳು ಕುಣಿಯುತ್ತೆ, ಜಗಳ ಆಡುತ್ತೆ, ಅಳುತ್ತೆ.

ನಾನು ಸಣ್ಣಗಿದ್ದಾಗ ನಮ್ಮೂರಿಗೂ ಬೊಂಬೆಯೋರು ಬರ್ತಿದ್ರು. ಸುಗ್ಗಿ ಮುಗೀತು ಅನ್ನೋ ಹೊತ್ತಿಗೆ ಕತ್ತೆ ಮೇಲೆ ಪೆಟ್ಟಿಗೆ ಹೇರ್ಕೊಂಡು ಬಂದು ಊರಾಚೆ ಹುಣಸೆ ಮರದ ಕೆಳಗೆ ಬಿಡಾರ ಹೂಡೋರು. ಮನೆಮನೆಗೂ ಬಂದು ದೀಪಕ್ಕೆ ಎಣ್ಣೆ ನೀಡ್ರವ್ವಾ ಅನ್ನೋರು. ನಮ್ಮವ್ವ ಭಾರಿ ಕೈ ಬಿಗಿ, ಒಗ್ಗರಣೆಗೂ ಎಣ್ಣೆ ತೊಟ್ಟಿಕ್ಕಿಸಿ ಹಾಕೋಳು, ಬೊಂಬೆಯೋರು ಬಂದ್ರೆ ಮಾತ್ರ ಗಿಂಡಿ ತುಂಬ ಸುರಿಯೋಳು. ಈಗ ಎಲ್ಲಿ ಬರ್ತಾರೆ? ಆ ಹುಣಸೆ ಮರಾನೂ ಇಲ್ಲ. ಇರ್ಲಿ, ಕತೆಗೆ ಬರ್ತೀನಿ.

ಈ ಮುದ್ದಯ್ಯನ ಆಟ ಅಂದ್ರೆ ಜನ ಗಾಡಿ ಕಟ್ಕೊಂಡು ಬರ್ತಿದ್ರಂತೆ. ಅವನ ಕೈಚಳಕಕ್ಕೆ ಅಷ್ಟು, ಬೊಮ್ಮಕ್ಕನ ಗಂಟಲಿಗೆ ಅದರ ಎರಡರಷ್ಟು. ಪರದೆ ಹಿಂದೆ ಕೂತು ಹೆಣ್ಣು ಬೊಂಬೆಗಳ ಮಾತೆಲ್ಲ ಅವಳೇ ಆಡ್ತಿದ್ಳಂತೆ. ಅಶೋಕವನದಲ್ಲಿ ಸೀತಮ್ಮ ಅಳೋ ಹೊತ್ತಿಗೆ ಮೀಸೆ ಗೌಡ್ರೂ ಸಹ ಕಣ್ಣಿಗೆ ಹೊಗೆ ಬಂತು ಅಂತ ಟವಲ್ ತಗೊಂಡು ಒರೆಸ್ಕೊಳ್ತಿದ್ರಂತೆ. ಹೊಗೆಯಂತೆ ಹೊಗೆ!

ಆಟ ಮುಗಿದು ಬೆಳಕು ಹರಿಯೋ ಹೊತ್ತಿಗೆ ಹುಡುಗ್ರು ಮೂರೂ ಜನ ಸುಸ್ತಾಗಿ, ಇಳಿಸಿದ ಪರದೆ ಮೇಲೇ ಬಿದ್ದು ಗೊರಕೆ ಹೊಡೀತಿದ್ರಂತೆ. ಬೊಂಬೆ ಕಟ್ಟಿಡೋ ಕೆಲಸ ಗಂಡ ಹೆಂಡ್ತಿ ಇಬ್ಬರದೇ. ಅದಕ್ಕೊಂದು ಪದ್ಧತಿ ಇದೆ ಕೇಳು. ದೇವ್ರ ಬೊಂಬೆಗಳದ್ದು ಒಂದು ಕಟ್ಟು, ರಕ್ಕಸರದ್ದು ಒಂದು ಕಟ್ಟು. ಎರಡನ್ನೂ ಬೆರೆಸಿಟ್ರೆ ಪೆಟ್ಟಿಗೆ ಒಳಗೇ ಯುದ್ಧ ಶುರು ಮಾಡಿ ಒಂದನ್ನೊಂದು ಹರ್ಕೊಂಡು ಹಾಕ್ತವೆ ಅಂತ. ಅವೆರಡರ ನಡುವೆ ಕ್ಯಾತ, ಅವನ ಹೆಂಡ್ತಿ ಬಂಗಾರಕ್ಕ. ಕ್ಯಾತ ಅಂದ್ರೆ ನಗಿಸೋ ಬೊಂಬೆ, ಡೊಳ್ಳು ಹೊಟ್ಟೆ, ಸೊಟ್ಟ ಮೂಗು, ಬಾಯಿಗೆ ಬಂದಿದ್ದು ಅನ್ನೋನು. ಅವನು ಆ ಕಡೆಗೂ ಸೈ, ಈ ಕಡೆಗೂ ಸೈ, ಅದಕ್ಕೇ ನಡುವೆ. ಮುದ್ದಯ್ಯ ಒಂದೊಂದೇ ಬೊಂಬೆ ಒರೆಸಿ ಒರೆಸಿ ಹೆಂಡ್ತಿ ಕೈಗೆ ಕೊಡ್ತಾ, ದಿನಾ ಬೆಳಿಗ್ಗೆ ಒಂದೇ ಮಾತು ಹೇಳ್ತಿದ್ನಂತೆ. ಬೇರೆ ಬೇರೆ ಇಡೇ ಬೊಮ್ಮಿ, ಒಂದೇ ಪೆಟ್ಟಿಗೇಲಿ ಇಡೇ. ಬೇರೆ ಬೇರೆ ಮಲಗ್ಲಿ, ಒಟ್ಟಿಗೇ ಏಳ್ಲಿ. ಬೊಮ್ಮಕ್ಕ ನಗ್ತಾ ಹಂಗೇ ಇಡ್ತಿದ್ಳಂತೆ. ಆ ಮಾತು ಅವಳೊಬ್ಬಳ ಕಿವಿಗೇ ಬಿದ್ದಿದ್ದು, ಮಕ್ಳು ಮೂರೂ ನಿದ್ದೇಲಿ.

ಆಮೇಲೆ ಮುದ್ದಯ್ಯಂಗೆ ವಯಸ್ಸಾಯ್ತಂತೆ, ಕೆಮ್ಮು ಹತ್ಕೊಂಡಿತಂತೆ, ಹಾಸಿಗೆ ಹಿಡಿದ್ನಂತೆ. ಇನ್ನು ಉಳಿಯಲ್ಲ ಅನ್ನೋ ಹೊತ್ತಿಗೆ ಮಕ್ಕಳನ್ನ ಹತ್ರ ಕರೆದ್ನಂತೆ. ಮಕ್ಳಾ, ದೇವ್ರ ಕಟ್ಟು, ರಕ್ಕಸರ ಕಟ್ಟು, ಕ್ಯಾತ, ಬೇರೆ ಬೇರೆ ಇಡ್ರಪ್ಪಾ ಅಂದ್ನಂತೆ. ಇನ್ನೂ ಏನೋ ಹೇಳಕ್ಕೆ ಬಾಯಿ ತೆಗೆದ್ನಂತೆ, ಕೆಮ್ಮು ಬಂತಂತೆ, ಬೊಮ್ಮಕ್ಕ ನೀರು ತರೋಷ್ಟರಲ್ಲಿ ಉಸಿರು ಹೋಯ್ತಂತೆ. ಅಯ್ಯೋ ಶಿವನೇ, ಇನ್ನೊಂದು ಉಸಿರು ಇದ್ದಿದ್ರೆ ಈ ಕತೆ ಇಷ್ಟುದ್ದ ಬೆಳೀತಾನೇ ಇರ್ಲಿಲ್ಲ.

ತಿಥಿ ಕಳೀತಿದ್ದಂಗೆ ಅಣ್ಣತಮ್ಮಂದಿರು ಪೆಟ್ಟಿಗೆ ಮುಂದೆ ಕೂತ್ರಂತೆ. ಅವರಿಗೆ ಮೊದಲಿಂದ್ಲೂ ಅಷ್ಟಕ್ಕಷ್ಟೇ. ನನ್ನಿಂದ್ಲೇ ಆಟ ಅಂತ ಅವನು, ನನ್ನಿಂದ್ಲೇ ಆಟ ಅಂತ ಇವನು. ಅಪ್ಪ ಇದ್ದಾಗ ಅವನ ಭಯಕ್ಕೆ ಬಾಯಿ ಮುಚ್ಕೊಂಡಿದ್ರು ಅಷ್ಟೇ. ದೊಡ್ಡೋನು ಓಬಯ್ಯ ಅಂದ್ನಂತೆ, ಅಪ್ಪನೇ ಬೇರೆ ಬೇರೆ ಇಡಿ ಅಂದಿದ್ದಾನೆ, ಅಂದ್ಮೇಲೆ ಪಾಲು ಮಾಡ್ಕೊಳ್ಳಿ ಅಂತಾನೇ ಅರ್ಥ. ನಾನು ಹಿರಿಯ, ದೇವ್ರ ಕಟ್ಟು ನಂಗೆ. ಚಿತ್ತಯ್ಯ ಅಂದ್ನಂತೆ, ಇಟ್ಕೋ ಹೋಗು, ಜನ ಗಾಡಿ ಕಟ್ಕೊಂಡು ಬರೋದು ಹತ್ತು ತಲೆಯೋನ ಅಬ್ಬರ ನೋಡಕ್ಕೆ, ರಕ್ಕಸ್ರು ನಂಗೆ. ಪಾಲಯ್ಯ ಅಂದ್ನಂತೆ, ನಗ್ಸೋನು ಇಲ್ದೆ ಇದ್ರೆ ನೀವಿಬ್ರೂ ಆಡ್ಸೋ ಹೊತ್ತಿಗೆ ಜನ ಎದ್ದೋಗ್ತಾರೆ, ಕ್ಯಾತ ಬಂಗಾರಕ್ಕ ನನ್ನೋರು.

ಇದು ಬೊಮ್ಮಕ್ಕನ ಕಿವಿಗೆ ಬಿತ್ತಂತೆ. ಗಂಡ ಹೇಳಕ್ಕೆ ಹೊರಟಿದ್ದು ಏನು ಅಂತ ಅವಳಿಗೆ ಗೊತ್ತಲ್ಲ. ಓಡಿ ಬಂದು, ಬ್ಯಾಡ್ರೋ ಮಕ್ಳಾ, ನಿಮ್ಮಪ್ಪ ಹೇಳಿದ್ದು ಅದಲ್ರೋ, ಅದು ಕಟ್ಟಿಡೋ ಮಾತು ಕಣ್ರೋ ಅಂದ್ಳಂತೆ. ಓಬಯ್ಯ ತಿರುಗಿ ನೋಡ್ದೇನೇ, ನೀನು ಸುಮ್ನಿರವ್ವಾ, ಸಾಯೋ ಹೊತ್ತಲ್ಲಿ ಅಪ್ಪ ಆಡಿದ ಮಾತು ಮೀರಕ್ಕಾಗುತ್ತಾ ಅಂದ್ನಂತೆ. ಬೊಮ್ಮಕ್ಕ ಮತ್ತೆ ಬಾಯಿ ತೆಗೆದ್ಳಂತೆ. ಚಿತ್ತಯ್ಯನೂ, ಸುಮ್ನಿರವ್ವಾ ಅಂದ್ನಂತೆ. ಕಿರಿಯೋನ ಕಡೆ ನೋಡಿದ್ಳಂತೆ. ಅವಳ ತೊಡೆ ಮೇಲೆ ಮಲಗಿ ಬೆಳೆದೋನು, ಅವನೂ ತಲೆ ತಗ್ಗಿಸ್ಕೊಂಡು, ಸುಮ್ನಿರವ್ವಾ ಅಂದ್ನಂತೆ.

ಸುಮ್ನಾದ್ಳು. ಅವತ್ತು ಸುಮ್ನಾದೋಳು ಆಮೇಲೆ ಮಾತೇ ಆಡ್ಲಿಲ್ವಂತೆ ಕಣೇ. ಮಕ್ಕಳ ಹತ್ರ ಅಲ್ಲ, ನೆರೆಮನೆಯೋರ ಹತ್ರ ಅಲ್ಲ, ದೇವ್ರ ಮುಂದೂ ಇಲ್ಲ. ಕೋಪಕ್ಕೆ ಅಂತ ಕೆಲವರು ಹೇಳ್ತಾರೆ. ನಂಗೇನೋ ಹಂಗನ್ಸಲ್ಲ. ಮೂರು ಮಕ್ಕಳ ಬಾಯಲ್ಲೂ ಅದೇ ಮಾತು ಬಂದ್ರೆ ಯಾವ ತಾಯಿಗೆ ಗಂಟಲು ತೆರೆಯುತ್ತೆ ಹೇಳು? ಕಟ್ಕೊಂಡೋಯ್ತು, ಅಷ್ಟೇ.

ಮೂರೂ ಜನ ಮೂರು ಪಾಲು ಎತ್ಕೊಂಡ್ರಂತೆ. ಪೆಟ್ಟಿಗೆ ಮಾತ್ರ ಯಾರಿಗೂ ಬೇಡವಾಯ್ತಂತೆ, ಹಲಸಿನ ಮರದ ಪೆಟ್ಟಿಗೆ, ಭಾರ. ಅದು ಅವ್ವನ ಹತ್ರ ಉಳೀತಂತೆ. ಮೊದಮೊದಲು ಅಲ್ಲೇ ಸುತ್ತಮುತ್ತ ಊರಲ್ಲಿ ಆಡ್ಸಕ್ಕೆ ಹೋದ್ರಂತೆ. ಆದ್ರೆ ನಮ್ಮ ಸೀಮೆ ಜನಕ್ಕೆ ಪೂರ್ತಿ ಆಟ ಗೊತ್ತಲ್ಲ, ಎರಡು ಪಾಲು ಇಲ್ದಿರೋ ಆಟ ನೋಡ್ತಾರಾ? ಏನ್ರಪ್ಪಾ, ಮುದ್ದಯ್ಯನ ಮಕ್ಳಾಗಿ ಹಿಂಗಾ ಅಂತ ಉಗಿದ್ರಂತೆ. ನಾಚಿಕೆ ಆಗಿ, ನಮ್ಮ ಗುರುತೇ ಇಲ್ಲದ ಕಡೆ ಹೋಗೋಣ ಅಂತ ಒಬ್ಬೊಬ್ಬ ಒಂದೊಂದು ದಿಕ್ಕು ಹಿಡಿದ್ರಂತೆ.

ಓಬಯ್ಯ ಮೂಡಲ ದಿಕ್ಕಿಗೆ ಹೋದ್ನಂತೆ. ನಡೆದೂ ನಡೆದೂ ಸಮುದ್ರ ಸಿಕ್ತಂತೆ, ಮೆಣಸಿನ ವ್ಯಾಪಾರದೋರ ಹಡಗು ಹತ್ತಿದ್ನಂತೆ, ವಾಂತಿ ಮಾಡ್ಕೊಂಡು ಮಾಡ್ಕೊಂಡು ಜಾವಾ ಅನ್ನೋ ದ್ವೀಪಕ್ಕೆ ಹೋಗಿ ಬಿದ್ನಂತೆ. ಅಲ್ಲಿ ನೋಡಿದ್ರೆ, ಅಲ್ಲೂ ಬೊಂಬೆಯಾಟ! ಎಮ್ಮೆ ಚರ್ಮದ ಬೊಂಬೆ, ತೆಳ್ಳನೆ ಕೈ, ಉದ್ದ ಮೂಗು, ಕಂಚಿನ ಗಂಟೆ ಬಟ್ಟಲು ಬಾರಿಸ್ಕೊಂಡು ರಾತ್ರಿಯೆಲ್ಲ ಆಡಿಸ್ತಾರಂತೆ. ನಾವು ನಮ್ಮಲ್ಲಿ ಮಾತ್ರ ಇರೋದು ಅಂದ್ಕೊಂಡಿರ್ತೀವಿ ನೋಡು.

ಇವನೂ ಪರದೆ ಕಟ್ಟಿದ್ನಂತೆ. ರಾಮದೇವ್ರನ್ನ ತಂದು ನಿಲ್ಸಿದ್ನಂತೆ. ಪಕ್ಕಕ್ಕೆ ಸೀತಮ್ಮ. ಹಿಂದೆ ಲಕ್ಷ್ಮಣ. ಮೂರೂ ಜನ ಕಾಡಿಗೆ ಹೋದ್ರಂತೆ, ಗುಡಿಸಲು ಹಾಕ್ಕೊಂಡ್ರಂತೆ, ಹಣ್ಣು ತಿಂದ್ರಂತೆ. ಆಮೇಲೆ? ಎತ್ಕೊಂಡು ಹೋಗೋನೇ ಇಲ್ವಲ್ಲ! ಸೀತಮ್ಮ ಅಲ್ಲೇ ಇದ್ದಾಳೆ, ರಾಮದೇವ್ರು ಅಲ್ಲೇ ಇದ್ದಾನೆ. ಮತ್ತೆ ಹಣ್ಣು ತಿಂದ್ರಂತೆ. ಓಬಯ್ಯಂಗೆ ಏನು ಮಾಡ್ಬೇಕು ಅಂತ ತೋಚದೆ ಒಂದು ಸೋಬಾನೆ ಪದ ಹೇಳಿದ್ನಂತೆ, ಇನ್ನೊಂದು ಹೇಳಿದ್ನಂತೆ, ಆಂಜನೇಯನ್ನ ತಂದು ಸುಮ್ನೆ ಅತ್ಲಿಂದಿತ್ಲಾಗೆ ಹಾರಿಸಿದ್ನಂತೆ. ಅಲ್ಲಿಯ ಜನ ಬಲು ಮರ್ಯಾದಸ್ಥರಂತೆ, ಒಬ್ಬರೂ ಬೈಲಿಲ್ವಂತೆ, ಕೂತಲ್ಲೇ ತೂಕಡಿಸಿ ನಿದ್ದೆ ಹೋದ್ರಂತೆ.

ಮಾರನೇ ದಿನ ಅಲ್ಲಿಯ ಆಟದಜ್ಜ ಒಬ್ಬ ಇವನನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗಿ, ತನ್ನ ಪರದೆ ಹಿಂದೆ ಕೂರಿಸ್ಕೊಂಡ್ನಂತೆ. ಅಲ್ಲೊಂದು ಬಾಳೆ ದಿಂಡು ಅಡ್ಡ ಮಲಗ್ಸಿದ್ರಂತೆ. ಬಲಗಡೆ ಒಳ್ಳೇ ಬೊಂಬೆಗಳನ್ನೆಲ್ಲ ಸಾಲಾಗಿ ಚುಚ್ಚಿದ್ರಂತೆ, ಎಡಗಡೆ ಕೆಟ್ಟ ಬೊಂಬೆಗಳನ್ನೆಲ್ಲ ಚುಚ್ಚಿದ್ರಂತೆ. ನಡುವೆ ಆ ಅಜ್ಜ ಚಕ್ಕಂಬಕ್ಕಳ ಹಾಕ್ಕೊಂಡು ಕೂತ್ನಂತೆ. ಬಲಗೈಲಿ ಇದನ್ನ ಎತ್ತಿದ, ಎಡಗೈಲಿ ಅದನ್ನ ಎತ್ತಿದ, ಆಟ ಶುರುವಾಯ್ತು. ಆಟದ ನಡುವೆ ಇವನ ಎಡಗೈ ಹಿಡಿದು ಅಲ್ಲಾಡ್ಸಿ, ನಿನ್ನ ಈ ಕೈಗೆ ಏನಾಗಿದೆಯಪ್ಪಾ ಅನ್ನೋ ಹಂಗೆ ಸನ್ನೆ ಮಾಡಿದ್ನಂತೆ. ಓಬಯ್ಯ ಆ ದಿಂಡನ್ನೇ ನೋಡಿದ್ನಂತೆ. ಬೇರೆ ಬೇರೇನೇ ಇದ್ದಾವೆ. ಆದ್ರೆ ದಿಂಡು ಒಂದೇ. ಅಪ್ಪ ಹೇಳಿದ್ದು ಇದಾ? ಅವ್ವ ಓಡಿ ಬಂದು ಹೇಳಕ್ಕೆ ಹೋಗಿದ್ದು ಇದಾ? ಅಂತ ಅವನಿಗೆ ಅನ್ನಿಸ್ತಂತೆ. ಬೆಳಿಗ್ಗೆನೇ ಹಡಗು ಹುಡುಕ್ಕೊಂಡು ಹೊರಟ್ನಂತೆ.

ಆಮೇಲೆ ನಡುವಿನೋನು. ಚಿತ್ತಯ್ಯ ಬಡಗ ದಿಕ್ಕಿಗೆ ಹೋದ್ನಂತೆ, ಉಪ್ಪು ಹೊತ್ತ ಕುದುರೆಗಳ ಹಿಂದೆ ಹಿಮದ ಬೆಟ್ಟ ಹತ್ತಿ ಇಳಿದು ಚೀನಾ ದೇಶ ಸೇರಿದ್ನಂತೆ. ಅಲ್ಲಿ ಕತ್ತೆ ಚರ್ಮದಲ್ಲಿ ಬೊಂಬೆ ಮಾಡ್ತಾರಂತೆ. ನಗಬೇಡ, ಕತ್ತೆ ಚರ್ಮ ಹದ ಮಾಡಿದ್ರೆ ಜೇನುತುಪ್ಪದ ಬಣ್ಣ ಬರುತ್ತಂತೆ, ಬೆಳಕು ಆ ಕಡೆಯಿಂದ ಈ ಕಡೆಗೆ ಬರುತ್ತಂತೆ. ಚಿತ್ತಯ್ಯ ಪರದೆ ಕಟ್ಟಿ ಹತ್ತು ತಲೆಯೋನನ್ನ ಕುಣಿಸಿದ್ನಂತೆ. ಅವನು ಅಬ್ಬರಿಸಿದ. ತಮ್ಮ ಕುಂಭಕರ್ಣ ಅಬ್ಬರಿಸಿದ. ತಂಗಿ ಶೂರ್ಪನಖಿ ಹಲ್ಲು ಕಡಿದ್ಳು. ಮತ್ತೆ ಅವನು ಅಬ್ಬರಿಸಿದ. ಕೊಲ್ಲೋರು ಯಾರೂ ಬರ್ತಾನೇ ಇಲ್ಲ! ಮಕ್ಳೆಲ್ಲ ಕಿಟಾರನೆ ಕಿರುಚ್ಕೊಂಡು ಅಳಕ್ಕೆ ಶುರು ಮಾಡಿದ್ವಂತೆ, ತಾಯಂದಿರು ಪೊರಕೆ ತಗೊಂಡು ಬಂದು ಇವನನ್ನ ಊರ ಬಾಗಿಲ ತನಕ ಅಟ್ಟಿಸ್ಕೊಂಡು ಹೋದ್ರಂತೆ.

ಅಲ್ಲೊಬ್ಬಳು ಮುದುಕಿ, ಅವಳದೂ ಬೊಂಬೆಯಾಟದ ಮನೆಯಂತೆ, ಅಯ್ಯೋ ಪಾಪ ಅಂತ ಜಗಲಿ ಮೇಲೆ ಜಾಗ ಕೊಟ್ಟು ಗಂಜಿ ಕೊಟ್ಳಂತೆ. ಅವತ್ತು ಅವರ ಆಟ ಮುಗಿದ ಮೇಲೆ ಇವನು ನೋಡ್ತಾನೆ, ಆ ಮುದುಕಿ ಒಂದೊಂದೇ ಬೊಂಬೆ ತಗೊಂಡು ಪಟಕ್ ಪಟಕ್ ಅಂತ ತಲೆ ಕೀಳ್ತಾ ಇದ್ದಾಳೆ! ಇವನು ಹೌಹಾರಿ, ಏನವ್ವಾ ಇದು ಕೊಲೆಗಡುಕಿ ಅಂತ ಕೈ ಅಡ್ಡ ಹಿಡಿದ್ನಂತೆ. ಮುದುಕಿ ಬೊಚ್ಚು ಬಾಯಿ ಬಿಟ್ಟು ನಕ್ಳಂತೆ. ನಕ್ಕು ನಕ್ಕು, ಕೈ ಬಾಯಿ ಸನ್ನೇಲಿ ಹೇಳಿದ್ಳಂತೆ, ತಲೆ ಮೈ ಸೇರ್ಕೊಂಡೇ ಇದ್ರೆ ಇವು ಜೀವ ಬಂದು ಎದ್ದು ಊರು ತಿರುಗ್ತವೆ ಮಗಾ, ಅದಕ್ಕೇ ಮಲಗೋ ಹೊತ್ತಿಗೆ ಬೇರೆ ಮಾಡ್ತೀವಿ, ಸಂಜೆ ಆಟಕ್ಕೆ ಮತ್ತೆ ಸೇರಿಸ್ತೀವಿ. ಹಂಗಂದು ತಲೆಗಳನ್ನೆಲ್ಲ ಒಂದು ಬಟ್ಟೇಲಿ ಸುತ್ತಿ, ಮೈಗಳನ್ನೆಲ್ಲ ಇನ್ನೊಂದು ಬಟ್ಟೇಲಿ ಸುತ್ತಿ, ಎರಡನ್ನೂ ಅಕ್ಕಪಕ್ಕ ಇಟ್ಟು ಮೇಲೊಂದು ಕೈ ಆಡ್ಸಿದ್ಳಂತೆ, ಮಕ್ಕಳನ್ನ ತಟ್ಟಿ ಮಲಗ್ಸೋ ಹಂಗೆ. ಚಿತ್ತಯ್ಯಂಗೆ ಅವರವ್ವ ಬೊಂಬೆ ಕಟ್ಟಿಡೋದು ನೆನಪಾಯ್ತಂತೆ. ಅರೆನಿದ್ದೇಲಿ ಯಾವತ್ತೋ ಕಣ್ಣು ಬಿಟ್ಟಾಗ ನೋಡಿದ್ದು. ಜಗಲಿ ಮೇಲೆ ಮಂಡಿ ಅಪ್ಪಿಕೊಂಡು ಕೂತು ಬಿಕ್ಕಿ ಬಿಕ್ಕಿ ಅತ್ತನಂತೆ, ಮೀಸೆ ಬಂದ ಗಂಡಸು.

ಕಿರಿಯೋನು ಪಾಲಯ್ಯ ಪಡುವಣ ದಿಕ್ಕಿಗೆ ಹೋಗಿದ್ನಂತೆ. ಕುದುರೆ ಮಾರೋಕೆ ಬಂದಿದ್ದ ತುರ್ಕಿ ದೇಶದೋರ ಹಡಗಲ್ಲೇ ಹೋದ್ನಂತೆ, ದಾರಿಯುದ್ದಕ್ಕೂ ಅವರನ್ನ ನಗಿಸ್ಕೊಂಡೇ ಹೋದ್ನಂತೆ. ಅಲ್ಲಿ ಕಾಫಿ ಅಂಗಡೀಲಿ ಕೂತು ಜನ ಬೊಂಬೆಯಾಟ ನೋಡ್ತಾರಂತೆ, ಒಂಟೆ ಚರ್ಮದ ಬೊಂಬೆ. ಇವನು ಕ್ಯಾತನ್ನ ಬಿಟ್ಟ. ಕ್ಯಾತ ಮುದ್ದೆ ಕದ್ದು ನುಂಗಿದ, ಬಂಗಾರಕ್ಕ ಪೊರಕೇಲಿ ಬಾರಿಸಿದ್ಳು, ಕ್ಯಾತ ಮಂಚದ ಕೆಳಗೆ ತೂರ್ಕೊಂಡ, ಹೊಟ್ಟೆ ಸಿಕ್ಕಾಕ್ಕೊಂಡಿತು. ಅಬ್ಬಬ್ಬ, ಜನ ಬಿದ್ದು ಬಿದ್ದು ನಕ್ರಂತೆ. ಮಾರನೇ ದಿನಾನೂ ಬಂದ್ರಂತೆ, ನಕ್ರಂತೆ. ಆಮೇಲೆ ಬರ್ತಾ ಬರ್ತಾ ದವಡೆ ನೋವು ಬಂತೋ ಏನೋ, ನಗೋದು ನಿಲ್ಸಿ, ಸರಿ, ಮುಂದೇನಾಯ್ತು, ಕತೆ ಹೇಳು ಅಂದ್ರಂತೆ. ಕತೆ ಎಲ್ಲಿದೆ? ಕತೆ ಎರಡು ಕಟ್ಟಲ್ಲಿ ಎರಡು ದಿಕ್ಕಿಗೆ ಹೋಗಿದೆಯಲ್ಲ.

ಅಲ್ಲಿಯ ಆಟದೋನ ಹತ್ರ ಎರಡು ಬೊಂಬೆ ಇದ್ವಂತೆ, ಇಬ್ಬರೂ ಗೆಳೆಯರು, ಇಬ್ಬರೂ ಬಾಯಿಬಡುಕರು, ರಾತ್ರಿಯೆಲ್ಲ ಒಬ್ಬರ ಗಡ್ಡ ಒಬ್ಬರು ಜಗ್ಗೋದೇ ಕೆಲಸ. ಪಾಲಯ್ಯ ಕೇಳಿದ್ನಂತೆ, ದಿನಾ ಇಷ್ಟು ಕಿತ್ತಾಡ್ತಾರಲ್ಲ, ಇವರನ್ನ ಒಂದೇ ಆಟದಲ್ಲಿ ಯಾಕೆ ಇಟ್ಕೊಂಡಿದ್ದೀಯ? ಆ ಆಟದೋನು ಕಾಫಿ ಸೊರ್ ಅಂತ ಹೀರಿ, ಜಗಳ ಆಡಕ್ಕೆ ಇನ್ನೊಬ್ಬ ಬೇಕಲ್ಲಪ್ಪಾ ಅಂದ್ನಂತೆ. ಪಾಲಯ್ಯ ಮೊದಲು ನಕ್ನಂತೆ. ನಗ್ತಾ ನಗ್ತಾ ಓಬಣ್ಣ ಚಿತ್ತಣ್ಣ ಕಣ್ಮುಂದೆ ಬಂದ್ರಂತೆ. ಜಗಳ ಆಡ್ಬೇಕು ಅಂತ ಎಷ್ಟು ಆಸೆ ಆಯ್ತಂತೆ ಅಂದ್ರೆ ಅವತ್ತೇ ಗಂಟು ಕಟ್ಟಿದ್ನಂತೆ.

ಈ ಕಡೆ ಬೊಮ್ಮಕ್ಕ ಏನು ಮಾಡ್ತಿದ್ಳು ಅಂತ ಕೇಳ್ಬೇಡ್ವಾ ನೀನು? ಆ ಖಾಲಿ ಪೆಟ್ಟಿಗೇನ ಪ್ರತಿ ಅಮಾವಾಸ್ಯೆಗೂ ಬಿಸಿಲಿಗೆ ಇಡ್ತಿದ್ಳಂತೆ, ಒರೆಸ್ತಿದ್ಳಂತೆ, ಹುಳ ಬೀಳಬಾರ್ದು ಅಂತ ಒಳಗೆ ಹಸೀ ಬೇವಿನ ಸೊಪ್ಪು ಹಾಸ್ತಿದ್ಳಂತೆ. ನೀರಿಗೆ ಹೋಗೋ ಹೆಂಗಸ್ರು, ಪಾಪ, ಮಾತೂ ಹೋಯ್ತು, ಬುದ್ಧೀನೂ ಹೋಯ್ತು, ಒಳಗೇನೈತೆ ಅಂತ ಸೊಪ್ಪು ಹಾಕ್ತೀಯವ್ವಾ ಅಂತಿದ್ರಂತೆ. ಅವಳು ತಿರುಗಿ ಏನನ್ನಲಿ? ಮನಸ್ಸಲ್ಲಿ ಒಂದೇ ಆಸೆ. ಮಕ್ಳು ಮೂರೂ ಒಟ್ಟಿಗೆ ಒಂದು ಆಟ ಆಡ್ಸೋದು ನೋಡಿ ಸಾಯ್ಬೇಕು. ಕೂದಲೆಲ್ಲ ಬೆಳ್ಳಗಾಯ್ತಂತೆ, ಮಂಡಿ ಹಿಡ್ಕೊಂಡಿತಂತೆ, ಕೋಲು ಬಂತಂತೆ.

ಮೊದಲು ಓಬಯ್ಯ ಬಂದ್ನಂತೆ. ಅವ್ವನ ಕಾಲು ಹಿಡ್ಕೊಂಡು, ತಪ್ಪಾಯ್ತವ್ವಾ ಅಂದ್ನಂತೆ. ಅವಳು ಪೆಟ್ಟಿಗೆ ಮುಚ್ಚಳ ತೆಗೆದ್ಳಂತೆ, ಅವನು ದೇವ್ರ ಕಟ್ಟು ಇಟ್ನಂತೆ. ಆಮೇಲೆ ಚಿತ್ತಯ್ಯ ಬಂದ್ನಂತೆ, ರಕ್ಕಸರ ಕಟ್ಟು ಆ ಕಡೆಗೆ ಇಟ್ನಂತೆ. ಅಣ್ಣತಮ್ಮ ಇಬ್ರೂ ಮುಖ ಮುಖ ನೋಡ್ಕೊಂಡು, ಊಟ ಆಯ್ತಾ ಅಂತ ಕೇಳ್ಕೊಂಡ್ರಂತೆ. ಕಿರಿಯೋನು ಬರ್ಲಿಲ್ಲ. ಮಳೆಗಾಲ ಹೋಯ್ತು, ಚಳಿಗಾಲ ಬಂತು, ಬೊಮ್ಮಕ್ಕಂಗೆ ಜ್ವರ ಹತ್ತಿ ಗಂಜೀನೂ ಗಂಟಲಿಗೆ ಇಳೀದಂಗಾಯ್ತಂತೆ. ಇನ್ನೇನು ಮುಗೀತು ಅಂತ ಇಬ್ರೂ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದಾಗ, ಬೀದಿ ತುದೀಲಿ ಯಾರೋ ಕ್ಯಾತನ ದನೀಲಿ, ಬಂಗಾರೀ, ಮುದ್ದೆ ಬೆಂದಿತೇನೇ ಅಂತ ಕೂಗಿದ್ರಂತೆ. ಬೊಮ್ಮಕ್ಕ ಎದ್ದು ಕೂತ್ಳಂತೆ! ಪಾಲಯ್ಯ ಒಳಗೆ ಬಂದೋನೇ ಅವ್ವನ ಮಡಿಲಿಗೆ ತಲೆ ಇಟ್ಟು ಅತ್ತನಂತೆ. ಅವಳ ಕೈ ಅವನ ತಲೆ ಮೇಲೆ ಆಡ್ತಾ ಇದೆ, ಮಾತು ಮಾತ್ರ ಇಲ್ಲ.

ಅವ್ವಂಗೆ ಒಂದಿಷ್ಟು ಗುಣವಾದ ಮೇಲೆ ಆಟ ಕಟ್ಟೋಣ ಅಂತ ಮೂರೂ ಜನ ಮಾತಾಡ್ಕೊಂಡ್ರಂತೆ. ಊರಿಗೆ ಊರೇ ಎಣ್ಣೆ ತಂದು ಸುರೀತಂತೆ. ಆದ್ರೆ ಹೆಣ್ಣು ಮಾತು ಆಡೋರು ಯಾರು? ಅವ್ವಂಗೆ ಗಂಟಲಿಲ್ಲ, ಬೇರೆ ಯಾರ ದನೀನೂ ಕೂಡಿ ಬರಲ್ಲ. ಸೀತಮ್ಮನ ಮಾತು ಬಂದ ಕಡೆ ಸುಮ್ನೆ ಬೊಂಬೆ ಅಲ್ಲಾಡ್ಸಿ ಮುಂದಕ್ಕೆ ಹೋಗಿಬಿಡೋಣ ಅಂದ್ಕೊಂಡ್ರಂತೆ. ಅವ್ವನ್ನ ಪರದೆ ಹಿಂದೆ ಕೂರ್ಸಿ ಏನು ಮಾಡೋದು, ಹೊಗೆಗೆ ಕೆಮ್ಮು ಬರುತ್ತೆ ಅಂತ, ಕಂಬಳಿ ಹೊದಿಸಿ ಜನದ ನಡುವೆ ಚಾಪೆ ಮೇಲೆ ಕೂರ್ಸಿದ್ರಂತೆ.

ಇದನ್ನ ಕೇಳು ಪುಟ್ಟಿ. ಆ ಬೊಮ್ಮಕ್ಕ ಮದುವೆಯಾಗಿ ಬಂದಾಗಿಂದ ಪರದೆ ಹಿಂದೇನೇ ಕೂತೋಳು. ಅವಳಿಗೆ ಗೊತ್ತಿದ್ದಿದ್ದು ಬರೀ ದೀಪ, ಹೊಗೆ, ಚರ್ಮ, ಕಡ್ಡಿ, ಗಂಡನ ಬೆವರು. ಜನ ಏನು ನೋಡ್ತಾರೆ ಅಂತ ಅವಳು ಯಾವತ್ತೂ ನೋಡ್ಲೇ ಇಲ್ಲ. ಅವತ್ತು ಮೊದಲನೇ ಸಲ ಈ ಕಡೆ ಕೂತ್ಳು. ದೀಪ ಹತ್ತಿಸಿದ್ರು. ಗಣಪತಿ ಬಂದ. ಕ್ಯಾತ ಬಂದ. ಕೆಂಪಂದ್ರೆ ಕೆಂಪು, ಹಸಿರಂದ್ರೆ ಹಸಿರು, ಒಡವೆ ತೂತಲ್ಲೆಲ್ಲ ಬೆಳಕು ಮಿಣಮಿಣ. ಇಷ್ಟು ಚೆನ್ನಾಗಿತ್ತಾ ಇದು ಅಂತ ಅವಳು ಬಾಯಿ ಬಿಟ್ಕೊಂಡು ನೋಡಿದ್ಳಂತೆ.

ಆಟ ಸಾಗ್ತಂತೆ. ಈ ಸಲ ಎತ್ಕೊಂಡು ಹೋಗೋನು ಬಂದ, ಎತ್ಕೊಂಡು ಹೋದ. ಚಿತ್ತಯ್ಯನ ಅಬ್ಬರಕ್ಕೆ ಮಕ್ಳು ಹೆದರಿದ್ರೆ ಪಾಲಯ್ಯನ ಕ್ಯಾತ ಬಂದು ನಗಿಸಿದ. ಹೆಣ್ಣು ಮಾತು ಬಂದಲ್ಲೆಲ್ಲ ಹಾರಿಸ್ಕೊಂಡು ಹಾರಿಸ್ಕೊಂಡು ಅಶೋಕವನಕ್ಕೆ ಬಂದ್ರಂತೆ. ಮರದ ಕೆಳಗೆ ಸೀತಮ್ಮ ತಲೆ ತಗ್ಗಿಸ್ಕೊಂಡು ಕೂತವಳೆ. ಓಬಯ್ಯನ ಕೈಲಿ ಆಂಜನೇಯ. ಸಮುದ್ರ ಹಾರ್ಕೊಂಡು ಬಂದು, ಮರದಿಂದ ಇಳಿದು, ಆಂಜನೇಯ ಕೈ ಮುಗಿದು ನಿಂತ. ಇಲ್ಲಿ ಹಾರಿಸಕ್ಕೆ ಆಗಲ್ಲ ಕಣೇ, ಅವಳು ಮಾತಾಡ್ಲೇಬೇಕು, ಇಲ್ದಿದ್ರೆ ಉಂಗುರ ಹೆಂಗೆ ಕೊಡ್ತಾನೆ? ಓಬಯ್ಯ ಪದದಲ್ಲಿ ಇದ್ದ ಹಂಗೇ ಅಂದ್ನಂತೆ, ತಾಯೀ, ಮಾತಾಡು. ಪರದೆ ಮೇಲೆ ಸೀತಮ್ಮ ಸುಮ್ನೆ. ತಾಯೀ, ನಾನು ನಿನ್ನ ಮಗನಿದ್ದಂಗೆ, ಮಾತಾಡು. ಸುಮ್ನೆ. ಓಬಯ್ಯಂಗೆ ತಾನು ಅವತ್ತು ಸುಮ್ನಿರವ್ವಾ ಅಂದಿದ್ದು ನೆನಪಾಯ್ತಂತೆ. ಪದ ಬಿಟ್ಟು, ರಾಗ ಬಿಟ್ಟು, ಬರೀ ಬಾಯಿಮಾತಲ್ಲಿ ಕೂಗಿದ್ನಂತೆ, ಅವ್ವಾ, ಮಾತಾಡವ್ವಾ.

ಆಗ ಜನದ ನಡುವಿಂದ ಒಂದು ದನಿ ಬಂತಂತೆ. ಯಾರಪ್ಪಾ ನೀನು? ಇಷ್ಟು ದೊಡ್ಡ ಸಮುದ್ರ ಹೆಂಗಪ್ಪಾ ದಾಟ್ಕೊಂಡು ಬಂದೆ? ಎಲ್ರೂ ನನ್ನ ಮರೆತೇಬಿಟ್ರು ಅಂದ್ಕೊಂಡಿದ್ನಲ್ಲೋ ಮಗನೇ.

ಬೊಮ್ಮಕ್ಕನ ದನಿ. ಒಡೆದೋಗಿತ್ತಂತೆ, ನಡುಗ್ತಿತ್ತಂತೆ, ಆದ್ರೂ ಅದೇ ದನಿ. ಪರದೆ ಹಿಂದೆ ಮೂರೂ ಜನ ಹೋ ಅಂತ ಅತ್ರಂತೆ. ಓಬಯ್ಯನ ಕೈ ನಡುಗಿ ಪರದೆ ಮೇಲೆ ಆಂಜನೇಯನೂ ಗಡಗಡ ನಡುಗಿದ್ನಂತೆ. ನೋಡ್ರೋ, ದೇವ್ರು ಅಳ್ತಾ ಇದ್ದಾನೆ ಅಂತ ಜನ ಕೈ ಮುಗಿದ್ರಂತೆ. ಪಾಲಯ್ಯ ಕಣ್ಣೊರೆಸ್ಕೊಂಡು ಈಚೆಗೆ ಓಡಿ ಬಂದು, ಬಾರವ್ವಾ ಒಳಗೆ, ನಿನ್ನ ಜಾಗಕ್ಕೆ ಬಾ ಅಂತ ಕೈ ಹಿಡಿದ್ನಂತೆ. ಬೊಮ್ಮಕ್ಕ ಕೈ ಬಿಡಿಸ್ಕೊಂಡು, ಹೋಗೋ ಸುಮ್ನೆ, ನಾನು ನೋಡ್ಬೇಕು, ಅಲ್ಲಿ ಕೂತ್ರೆ ಏನೂ ಕಾಣಲ್ಲ ಅಂದ್ಳಂತೆ. ಬೆಳಕು ಹರಿಯೋ ತನಕ ಅಲ್ಲೇ, ಚಾಪೆ ಮೇಲೇ ಕೂತು ನೋಡ್ತಾ ನೋಡ್ತಾ ಸೀತಮ್ಮನ ಮಾತೆಲ್ಲ ಆಡಿದ್ಳಂತೆ.

ಆಮೇಲೆ ಬಹಳ ವರ್ಷ ಬದುಕಿದ್ಳಂತೆ. ಮಕ್ಳು ಜಗಳಾನೂ ಆಡ್ಕೊಂಡು ಆಟಾನೂ ಆಡ್ಕೊಂಡು, ಒಂದೇ ಪೆಟ್ಟಿಗೆ ಹೊತ್ಕೊಂಡು ಸುಖವಾಗಿದ್ರಂತೆ. ಅವರ ಮನೆತನದ ಆಟದಲ್ಲಿ ಮಾತ್ರ ಅವತ್ತಿಂದ ಸೀತಮ್ಮನ ದನಿ ಪರದೆ ಹಿಂದಿಂದ ಬರಲ್ವಂತೆ. ಆ ಮನೆಯ ಹಿರೀ ಹೆಂಗಸು ಯಾರಿಗೂ ಹೇಳ್ದಂಗೆ ಬಂದು ಜನದ ನಡುವೆ ಕೂತಿರ್ತಾಳಂತೆ.

ಇದು ಸುಳ್ಳೋ ನಿಜವೋ ಅಂತ ಕೇಳ್ಬೇಡ. ನಾನು ನಿನ್ನಷ್ಟೇ ಇದ್ದೆ, ನಮ್ಮೂರಿಗೆ ಬಂದಿದ್ದ ಬೊಂಬೆಯಾಟ ನೋಡ್ತಾ ನಮ್ಮವ್ವನ ಸೆರಗು ಹೊದ್ಕೊಂಡು ತೂಕಡಿಸ್ತಿದ್ದೆ. ನನ್ನ ಪಕ್ಕದಲ್ಲೇ ಒಂದು ಮುದುಕಿ ಕೂತಿತ್ತು, ನಂಗೆ ಹುರಿದ ಕಡಲೇಕಾಯಿ ಸುಲಿದು ಕೊಡ್ತಿತ್ತು. ಯಾರದೋ ಮನೆಗೆ ಬಂದ ನೆಂಟರಮ್ಮ ಅಂದ್ಕೊಂಡಿದ್ದೆ. ಇದ್ದಕ್ಕಿದ್ದಂಗೆ ಅದು ನನ್ನ ಬೆನ್ನ ಮೇಲೆ ಕೈ ಇಟ್ಕೊಂಡೇ, ಪರದೆ ಕಡೆ ನೋಡಿ, ಯಾರಪ್ಪಾ ನೀನು ಅಂತು. ಅಷ್ಟು ಹತ್ರದಿಂದ. ಆ ಕೈ ಎಷ್ಟು ಬೆಚ್ಚಗಿತ್ತು ಗೊತ್ತಾ? ಸೀತಮ್ಮ ನಮ್ಮೂರಲ್ಲೇ, ನಮ್ಮ ಚಾಪೆ ಮೇಲೇ ಇದ್ಳು ಕಣೇ.

ಕತೆ ಅವರ ಮನೆಗೆ, ನಿದ್ದೆ ನಮ್ಮ ಮನೆಗೆ. ಮಲ್ಕೋ.